ನೀರು ಎಲ್ಲಿಂದ ತರತಿದ್ರಿ?: ವಿಜಯಪುರದಲ್ಲಿ ಒಂದು ಕಿರು ಸಾಕ್ಷ್ಯಚಿತ್ರ ಮಾಡಿದ ಅನುಭವ

ನಮ್ಮೂರಿನ ಮೇಲೆ ಹನ್ನೆರಡು ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕೆಂದಾಗ ಮೊದಲು ಮಾಡಿದ ತೀರ್ಮಾನ, ಅದರಲ್ಲಿ ಗೋಳಗುಮ್ಮಟ ಇರಬಾರದು. 1656ರಲ್ಲಿ ಮುಗಿದ ಆ ಗುಮ್ಮಟ ಒಮ್ಮೆ ಚೌಕಟ್ಟಿನೊಳಗೆ ಬಂತೆಂದರೆ ಓಣಿ, ಸಂತೆ, ಮನೆ ಎಲ್ಲ ಮರೆಯಾಗುತ್ತವೆ. ನನಗೆ ಬೇಕಾಗಿದ್ದದ್ದು ಅವೇ. ಆದಿಲಶಾಹಿಗಳ ಅಷ್ಟು ದೊಡ್ಡ ರಾಜಧಾನಿ ಈ ಬರದ ನಾಡಿನಲ್ಲಿ ಯಾವ ನೀರು ಕುಡಿದು ಬದುಕಿತು? ಇದೊಂದೇ ಪ್ರಶ್ನೆ ಹಿಡಿದು ಹೊರಟೆ.

ಹತ್ತಿರದ ತೊರವಿ ಹಳ್ಳಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಊರಿಗೆ ಬರುತ್ತಿತ್ತು. ಮೊಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿದ ಮೇಲೆ ಅಲ್ಲಿಂದಲೂ ಮಣ್ಣಿನ ಕೊಳವೆಗಳಲ್ಲಿ ಬಂತು. ದಾರಿಯುದ್ದಕ್ಕೂ ಕಲ್ಲುಗಾರೆಯ ಗೋಪುರಗಳು, ಅವಕ್ಕೆ ಗಂಜ್ ಎನ್ನುತ್ತಾರೆ. ನೀರು ಅದರೊಳಗೆ ಮೇಲೇರಿ, ಒತ್ತಡ ತಗ್ಗಿ, ಕೆಸರು ತಳಕ್ಕೆ ಇಳಿದ ಮೇಲೆ ಮುಂದಕ್ಕೆ ಹರಿಯಬೇಕು. ಕೊಳವೆ ಒಡೆಯದಿರಲಿ ಎಂದು ಮಾಡಿದ ಏರ್ಪಾಡು. ಇಂಥ ಗಂಜ್‌ಗಳು ಈಗಲೂ ಊರೊಳಗೆ ನಿಂತಿವೆ. ಬರೀ ಕಟ್ಟಡ ತೋರಿಸಿದರೆ ಇದು ತಿಳಿಯುವುದಿಲ್ಲವೆಂದು ಬಿಳಿ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಗೀರುತ್ತಾ ಹೋಗಿ, ಆ ಗೀರುವ ಕೈಯನ್ನೇ ಚಿತ್ರೀಕರಿಸಿದೆ.

ಜನರ ಮಾತು ಪಡೆಯುವುದು ಬೇರೆಯೇ ಕಲೆ. "ಇತಿಹಾಸ ಹೇಳ್ರಿ" ಎಂದರೆ ಹಿರಿಯರು ಬೆನ್ನು ನೆಟ್ಟಗೆ ಮಾಡಿ, ಶಾಲೆಯಲ್ಲಿ ಕಲಿತ ಸುಲ್ತಾನರ ಹೆಸರು ಒಪ್ಪಿಸುತ್ತಾರೆ. "ಸಣ್ಣವರಿದ್ದಾಗ ನೀರು ಎಲ್ಲಿಂದ ತರತಿದ್ರಿ?" ಎಂದು ಕೇಳಿ ನೋಡಿ. ತಾಜ್ ಬಾವಡಿ ಎಂಬ ಹಳೆಯ ಮೆಟ್ಟಿಲುಬಾವಿಯ ಹತ್ತಿರದ ಓಣಿಯಲ್ಲಿ ಒಬ್ಬ ಆಯಿ ಈ ಪ್ರಶ್ನೆಗೆ ಬಾಯಿಂದ ಉತ್ತರ ಕೊಡಲೇ ಇಲ್ಲ. ಎದ್ದು ನಿಂತು, ಹಳೆಯ ಅರಿವೆ ಹಿಂಡಿ ಸಿಂಬಿ ಸುತ್ತಿ, ತಲೆಯ ಮೇಲಿಟ್ಟುಕೊಂಡು, ಸೊಂಟದ ಮ್ಯಾಲ ಇನ್ನೊಂದು ಕೊಡ ಇದ್ದಾಗ ಮೆಟ್ಟಿಲು ಹೆಂಗ ಹತ್ತಬೇಕು ಅಂತ ತೋರಿಸಿದರು. ಪಾದ ಅಡ್ಡಡ್ಡ ಇಡಬೇಕು, ನೇರ ಇಟ್ಟರೆ ಪಾಚಿ ಜಾರಿಸುತ್ತದೆ. "ತಮ್ಮಾ, ಕೊಡ ಹೋದ್ರ ಹೋಗ್ಲಿ, ಕಾಲು ಉಳೀಬೇಕು" ಅಂದರು. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರೀತಿಯ ತುಣುಕು ಅದು. ಒಂದು ಸೆಕೆಂಡೂ ಕತ್ತರಿಸಲಿಲ್ಲ.

ಧ್ವನಿಗೆ ಕಾಲರ್ ಮೈಕ್ ಬಳಸಿದೆ. ಚಿತ್ರ ಮೊಬೈಲ್‌ನಲ್ಲಿ ತೆಗೆದರೂ ನಡೆಯುತ್ತದೆ, ಮಾತು ಕೇಳದಿದ್ದರೆ ನೋಡುವವರು ಎದ್ದು ಹೋಗುತ್ತಾರೆ. ಮಾತು ಮುಗಿದ ಮೇಲೆ ಎಲ್ಲರೂ ಅರ್ಧ ನಿಮಿಷ ಸುಮ್ಮನಿದ್ದು, ಆ ಜಾಗದ ಸದ್ದನ್ನಷ್ಟೇ ಹಿಡಿದುಕೊಳ್ಳಬೇಕು: ಪಾರಿವಾಳ, ಟಂಟಂ, ದೂರದ ಆಜಾನ್. ಸಂಕಲನದಲ್ಲಿ ಎರಡು ಮಾತುಗಳ ನಡುವಿನ ಬೆಸುಗೆ ಅದೇ. ಹಾಂ, ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ಇಡಲು ಮೊದಲೇ ಅನುಮತಿ ಪಡೆಯಬೇಕು.

ತಾಜ್ ಬಾವಡಿ 1620ರದ್ದು, ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು ಎನ್ನುತ್ತಾರೆ. ಅದರ ಸುತ್ತ ಊರಲ್ಲಿ ಹತ್ತಾರು ಕಥೆಗಳಿವೆ. ಕಥೆಯನ್ನು ಹೇಳಿದವರ ಬಾಯಿಂದಲೇ, ಅವರ "ಅಂತಾರ" ಸಮೇತ ಕೇಳಿಸಿದೆ. ಇಸವಿಗಳನ್ನು ಮಾತ್ರ ಪರದೆಯ ಮೇಲೆ ಅಕ್ಷರದಲ್ಲಿ ಕೊಟ್ಟೆ. ಹಿನ್ನೆಲೆಯಲ್ಲಿ ಗಂಭೀರ ದನಿಯ ನಿರೂಪಣೆ ಇಟ್ಟಿದ್ದರೆ ಎರಡೂ ಕಲಸಿಹೋಗುತ್ತಿದ್ದವು.

ಚಿತ್ರಕ್ಕೆ ಸೇರದೆ ಉಳಿದ ಪೂರ್ತಿ ಮಾತುಕತೆಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಆಯಾ ಮನೆಯವರಿಗೇ ಕೊಟ್ಟಿದ್ದೇನೆ. ಮುಂದಿನದು ಭೂತನಾಳ ಕೆರೆ. ಅದರ ನೀರು ಕುಡಿದು ಬೆಳೆದವರು ಊರಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ, ಮಾತಾಡಿಸುವುದು ಈಗಾಗಲೇ ಸುರುವಾಗಿದೆ.