ಬರಹದ ನಡುವೆ ಕೂರುವ ಪುಟ್ಟ ಗಣಿತ ಗ್ರಾಫ್: ಮೊದಲು ಅಳತೆ, ಆಮೇಲೆ ಗೆರೆ

ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ, ಪ್ರಾಜೆಕ್ಟ್ ವರದಿಗಳಲ್ಲಿ ಗ್ರಾಫ್ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪರದೆ ತುಂಬ ಬಿಡಿಸಿ, ಆಮೇಲೆ ಡಾಕ್ಯುಮೆಂಟಿನಲ್ಲಿ ಮೂಲೆ ಹಿಡಿದು ಕುಗ್ಗಿಸುತ್ತಾರೆ. 16 ಸೆಂ.ಮೀ. ಅಗಲದ ಚಿತ್ರವನ್ನು 6 ಸೆಂ.ಮೀ.ಗೆ ಇಳಿಸಿದರೆ 12 ಪಾಯಿಂಟಿನ ಅಂಕಿ 4.5 ಪಾಯಿಂಟ್ ಆಗುತ್ತದೆ, 1 ಪಾಯಿಂಟಿನ ಗೆರೆ 0.4ಕ್ಕಿಂತ ಕೆಳಗಿಳಿಯುತ್ತದೆ. ಮುದ್ರಿಸಿದಾಗ ಅಂಕಿ ಓದಲಾಗದು, ಜೆರಾಕ್ಸ್ ಮಾಡಿಸಿದರೆ ಗೆರೆಯೇ ಮಾಯ. ಹಾಗಾಗಿ ಕಾಗದದ ಮೇಲೆ ಎಷ್ಟು ಸೆಂಟಿಮೀಟರ್ ಬೇಕು ಎಂಬುದನ್ನು ಮೊದಲು ಗೊತ್ತು ಮಾಡಿಕೊಂಡು ಅದೇ ಅಳತೆಯಲ್ಲಿ ಬಿಡಿಸಿ. ಡಾಕ್ಯುಮೆಂಟಿಗೆ ತಂದ ಮೇಲೆ ಗಾತ್ರ ಮುಟ್ಟಲೇಬೇಡಿ.

ಎ4 ಹಾಳೆ 21 ಸೆಂ.ಮೀ. ಅಗಲ. ಎರಡೂ ಬದಿ 2.54 ಸೆಂ.ಮೀ. ಅಂಚು ಬಿಟ್ಟರೆ ಬರಹಕ್ಕೆ ಉಳಿಯುವುದು 15.9 ಸೆಂ.ಮೀ. ಪಕ್ಕಪಕ್ಕದಲ್ಲಿ ಎರಡು ಗ್ರಾಫ್ ಬೇಕಿದ್ದರೆ ತಲಾ 7.5 ಸೆಂ.ಮೀ. ಒಂದೇ ವಕ್ರರೇಖೆಗೆ 4ರಿಂದ 6 ಸೆಂ.ಮೀ. ಧಾರಾಳವಾಯಿತು.

ಮುಂದಿನದು ಅಕ್ಷಗಳ ವ್ಯಾಪ್ತಿ. ಸಾಫ್ಟ್‌ವೇರ್ ತಾನಾಗಿ ಕೊಡುವ −10ರಿಂದ 10ರ ಚೌಕಟ್ಟನ್ನು ಹಾಗೇ ಒಪ್ಪಿಕೊಂಡರೆ ಹೇಳಬೇಕಾದ ಸಂಗತಿ ನಡುವೆಲ್ಲೋ ಮುದುಡಿಕೊಳ್ಳುತ್ತದೆ. ಉದಾಹರಣೆಗೆ ವೈ = ಎಕ್ಸ್² − 4ಎಕ್ಸ್ + 3 ತೆಗೆದುಕೊಳ್ಳಿ. ಓದುಗರಿಗೆ ಕಾಣಬೇಕಾದದ್ದು ಎಕ್ಸ್ ಅಕ್ಷವನ್ನು ಕತ್ತರಿಸುವ 1 ಮತ್ತು 3, ವೈ ಅಕ್ಷವನ್ನು ಕತ್ತರಿಸುವ 3, ತೀರಾ ಕೆಳಗಿನ ಬಿಂದು (2, −1). ಇಷ್ಟಕ್ಕೆ ಎಕ್ಸ್ −0.5ರಿಂದ 4.5, ವೈ −1.5ರಿಂದ 5.5 ಸಾಕು. ಒಂದು ಮಾನಕ್ಕೆ 0.8 ಸೆಂ.ಮೀ. ಎಂದರೆ ಚಿತ್ರ 4 ಸೆಂ.ಮೀ. ಅಗಲ, 5.6 ಸೆಂ.ಮೀ. ಎತ್ತರ. ವ್ಯಾಪ್ತಿಯ ತುದಿಯಲ್ಲಿ ವಕ್ರರೇಖೆಯ ಬೆಲೆ 5.25, ಅಂದರೆ ಚೌಕಟ್ಟಿಗೆ ತಾಗುವ ಮುಂಚೆಯೇ ಅಚ್ಚುಕಟ್ಟಾಗಿ ಮುಗಿಯುತ್ತದೆ.

ಎರಡೂ ಅಕ್ಷಗಳಿಗೆ ಒಂದೇ ಪ್ರಮಾಣ ಇಡುವುದು ಜ್ಯಾಮಿತಿಯ ಚಿತ್ರಗಳಲ್ಲಿ ಕಡ್ಡಾಯ. ಇಲ್ಲವಾದರೆ ವೃತ್ತ ಮೊಟ್ಟೆಯಾಗುತ್ತದೆ, ಒಂದಕ್ಕೊಂದು ಲಂಬವಾದ ಓರೆ ರೇಖೆಗಳ ನಡುವಿನ ಕೋನ 90 ಡಿಗ್ರಿಯಾಗಿ ಕಾಣುವುದಿಲ್ಲ, ವೈ = ಎಕ್ಸ್ ರೇಖೆ 45 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ಘಾತೀಯ ಫಲನಗಳಂಥ, ಬೆಲೆ ಸರ್ರನೆ ಏರುವ ಕಡೆ ಮಾತ್ರ ಬೇರೆ ಬೇರೆ ಪ್ರಮಾಣ ಇಡಬಹುದು.

ಗೆರೆಗಳ ದಪ್ಪದಲ್ಲಿ ಮೇಲುಕೀಳು ಸ್ಪಷ್ಟವಾಗಿರಲಿ: ವಕ್ರರೇಖೆ 1ರಿಂದ 1.25 ಪಾಯಿಂಟ್, ಅಕ್ಷಗಳು 0.5, ಚೌಕುಳಿ ಗೆರೆ ಬೇಕೇಬೇಕಿದ್ದರೆ ತಿಳಿ ಬೂದು ಬಣ್ಣದಲ್ಲಿ 0.25. ವಿದ್ಯಾರ್ಥಿ ಗ್ರಾಫಿನಿಂದ ಬೆಲೆ ಓದಬೇಕಾದ ಪ್ರಶ್ನೆಯಲ್ಲಷ್ಟೇ ಚೌಕುಳಿ ಇಡಿ, ಉಳಿದಲ್ಲಿ ಅದು ಬರೀ ಗದ್ದಲ. ಬರಹ 11 ಅಥವಾ 12 ಪಾಯಿಂಟಿನಲ್ಲಿದ್ದರೆ ಗ್ರಾಫಿನ ಅಂಕಿಗಳಿಗೆ 8 ಅಥವಾ 9 ಸರಿ. ಪ್ರತಿ ಮಾನಕ್ಕೂ ಅಂಕಿ ಬೇಡ; ಮೇಲಿನ ಉದಾಹರಣೆಯಲ್ಲಿ ಎಕ್ಸ್ ಅಕ್ಷದ ಮೇಲೆ 1, 3, ವೈ ಅಕ್ಷದ ಮೇಲೆ 3 ಮತ್ತು −1 ಇದ್ದರೆ ಮುಗಿಯಿತು. ಋಣಚಿಹ್ನೆಗೆ ಕೀಲಿಮಣೆಯ ಹೈಫನ್ ಒತ್ತಿದರೆ ಅದು ಮೋಟಾಗಿ ಕಾಣುತ್ತದೆ. ವಿಂಡೋಸ್‌ನ ವರ್ಡ್‌ನಲ್ಲಿ 2212 ಎಂದು ಟೈಪಿಸಿ ಆಲ್ಟ್ ಜೊತೆ ಎಕ್ಸ್ ಒತ್ತಿದರೆ ನಿಜವಾದ ಋಣಚಿಹ್ನೆ ಸಿಗುತ್ತದೆ. ಅದನ್ನು ನಕಲು ಮಾಡಿ ಗ್ರಾಫಿನ ಹೆಸರುಪಟ್ಟಿಗಳಲ್ಲಿ ಬಳಸಬಹುದು. ಎರಡು ವಕ್ರರೇಖೆಗಳಿದ್ದರೆ ಕೆಂಪು, ನೀಲಿ ಎಂದು ಬಣ್ಣವನ್ನೇ ನಂಬಬೇಡಿ. ಒಂದನ್ನು ಅಖಂಡವಾಗಿ, ಇನ್ನೊಂದನ್ನು ತುಂಡುಗೆರೆಯಾಗಿ ಎಳೆದು, ಹೆಸರನ್ನು ಗೆರೆಯ ಪಕ್ಕದಲ್ಲೇ ಬರೆಯಿರಿ. ಪುಟ್ಟ ಚಿತ್ರದಲ್ಲಿ ವಿವರಣೆಯ ಪ್ರತ್ಯೇಕ ಪೆಟ್ಟಿಗೆ ಕಾಲುಭಾಗ ಜಾಗ ನುಂಗುತ್ತದೆ.

ತಪ್ಪು ನುಸುಳುವುದು ಫಲನ ತುಂಡಾಗುವ ಜಾಗದಲ್ಲಿ. ವೈ = 1/ಎಕ್ಸ್ ಅಥವಾ ಟ್ಯಾನ್ ಫಲನದಲ್ಲಿ ಕೆಲವು ಸಾಧನಗಳು ಮೇಲೆ ಹೋದ ತುಂಡನ್ನೂ ಕೆಳಗಿಂದ ಬರುವ ತುಂಡನ್ನೂ ಒಂದು ನೆಟ್ಟಗಿನ ಗೆರೆಯಿಂದ ಕೂಡಿಸಿಬಿಡುತ್ತವೆ. ಆ ಗೆರೆ ಗ್ರಾಫಿನ ಭಾಗವೇ ಅಲ್ಲ. ಪ್ರತಿ ತುಂಡಿಗೂ ಬೇರೆ ವ್ಯಾಪ್ತಿ ಕೊಟ್ಟು ಬಿಡಿಸಿ. ವಕ್ರರೇಖೆ ಮುಟ್ಟದೆ ಸಮೀಪಿಸುವ ಗೆರೆಯನ್ನು ತೆಳು ತುಂಡುಗೆರೆಯಾಗಿ ನೀವೇ ಎಳೆಯಿರಿ. ಬಿಂದು ಸೇರದ ಕಡೆ ಹಾಕುವ ಸುನ್ನೆಯ ಒಳಗೆ ಬಿಳಿ ಬಣ್ಣ ತುಂಬಬೇಕು. ಒಳಗೆ ಗೆರೆ ಹಾದುಹೋದರೆ ಆ ಬಿಂದು ಸೇರಿದೆಯೋ ಇಲ್ಲವೋ ತಿಳಿಯದು. ಸುಮಾರು 1.5 ಮಿ.ಮೀ. ವ್ಯಾಸ ಇದ್ದರೆ ಮುದ್ರಣದಲ್ಲಿ ಮುಚ್ಚಿಕೊಳ್ಳುವುದಿಲ್ಲ.

ಸಾಧನಗಳಲ್ಲಿ ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕ್ಲಾಸಿಕ್ 5 ಆವೃತ್ತಿಯಲ್ಲಿ ಗ್ರಾಫನ್ನು ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡುವಾಗ ಒಂದು ಮಾನಕ್ಕೆ ಎಷ್ಟು ಸೆಂ.ಮೀ. ಎಂದು ಕೊಡಬಹುದು, ಮೇಲಿನ 0.8 ಬರೆಯಬೇಕಾದದ್ದು ಅಲ್ಲೇ. ಅಂಕಿ ಚಿಕ್ಕದಾಗಿ ಬಂದರೆ ಚಿತ್ರ ಹಿಗ್ಗಿಸದೆ, ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ದೊಡ್ಡದು ಮಾಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.

ಎಕ್ಸೆಲ್‌ನಲ್ಲೂ ಆಗುತ್ತದೆ, ಸ್ವಲ್ಪ ಒದ್ದಾಟವಿದೆ. ಲೈನ್ ಚಾರ್ಟ್ ಆರಿಸಲೇಬಾರದು: ಅದು ಎಕ್ಸ್ ಬೆಲೆಗಳನ್ನು ಬರೀ ಹೆಸರುಗಳೆಂದು ತಿಳಿದು ಸಮ ಅಂತರದಲ್ಲಿ ಕೂರಿಸುತ್ತದೆ, 1, 2, 5 ಕೊಟ್ಟರೂ ಅಂತರ ಒಂದೇ. ಬೇಕಾದದ್ದು ಸ್ಕ್ಯಾಟರ್ ಚಾರ್ಟ್. ನಾಲ್ಕೈದು ಬಿಂದು ಕೊಟ್ಟು ನಯಗೊಳಿಸುವ ಆಯ್ಕೆ ಒತ್ತಿದರೆ ಗೆರೆ ಬಿಂದುಗಳ ನಡುವೆ ಉಬ್ಬಿ, ಇಲ್ಲದ ಏರಿಳಿತ ಹುಟ್ಟಿಸುತ್ತದೆ. ಅದರ ಬದಲು 0.1ರ ಹೆಜ್ಜೆಯಲ್ಲಿ ಬೆಲೆ ಲೆಕ್ಕಹಾಕಿ (−0.5ರಿಂದ 4.5ರವರೆಗೆ 51 ಬಿಂದು) ನೇರ ಗೆರೆಗಳಿಂದ ಕೂಡಿಸಿ; ಈ ಗಾತ್ರದಲ್ಲಿ ಮೂಲೆಗಳು ಕಣ್ಣಿಗೆ ಬೀಳುವುದಿಲ್ಲ. ಫಲನ ತುಂಡಾಗುವಲ್ಲಿ ಒಂದು ಕೋಶವನ್ನು ನಿಜವಾಗಿ ಖಾಲಿ ಬಿಡಿ. ಖಾಲಿಯಂತೆ ಕಾಣುವ ಸೂತ್ರ ಇಟ್ಟರೆ ಎಕ್ಸೆಲ್ ಅದನ್ನು 0 ಎಂದು ಗುರುತಿಸಿ ಗೆರೆಯನ್ನು ಅಕ್ಷಕ್ಕೆ ಎಳೆದುಬಿಡುತ್ತದೆ.

ಉಳಿಸುವಾಗ ಮೊದಲ ಆಯ್ಕೆ ಎಸ್‌ವಿಜಿ ಎಂಬ ಫೈಲ್ ರೂಪ, ಏಕೆಂದರೆ ಅದರಲ್ಲಿ ಗೆರೆ ಗೆರೆಯಾಗಿಯೇ ಇರುತ್ತದೆ. ವರ್ಡ್‌ನ ಹೊಸ ಆವೃತ್ತಿಗಳೂ ಲಿಬ್ರೆಆಫೀಸೂ ಅದನ್ನು ಒಪ್ಪುತ್ತವೆ. ಹಳೆಯ ವರ್ಡ್‌ಗೆ ಅಂಥದ್ದೇ ಇನ್ನೊಂದು ರೂಪವಾದ ಇಎಂಎಫ್ ಕೊಡಿ. ಕನ್ನಡದ ಹೆಸರುಪಟ್ಟಿ ಇದ್ದರೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ತೆರೆದು ಅಕ್ಷರಗಳನ್ನು ಪಾತ್ (ಬರೀ ಗೆರೆಗಳ ಆಕಾರ) ಆಗಿ ಬದಲಿಸಿ, ಇಲ್ಲವಾದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರಗಳ ರೂಪವೂ ಜಾಗವೂ ಬದಲಾಗಬಹುದು. ಗೂಗಲ್ ಡಾಕ್ಸ್‌ಗೆ ಪಿಎನ್‌ಜಿ ಬೇಕು: 6 ಸೆಂ.ಮೀ. ಅಗಲಕ್ಕೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಎಂದರೆ ಸುಮಾರು 1417 ಪಿಕ್ಸೆಲ್. ಜೆಪೆಗ್ ಬೇಡವೇ ಬೇಡ. ಗೆರೆಯ ಸುತ್ತ ಕೊಳೆ ಹಿಡಿದಂತೆ ಮಸುಕು ಕೂರುತ್ತದೆ. ವರ್ಡ್ ಉಳಿಸುವಾಗ ಚಿತ್ರಗಳನ್ನು ತಾನೇ ಕುಗ್ಗಿಸಬಹುದು. ಪಿಎನ್‌ಜಿ ಬಳಸುವವರು ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗಕ್ಕೆ ಹೋಗಿ, ಚಿತ್ರಗಳನ್ನು ಕುಗ್ಗಿಸಬೇಡ ಎಂಬ ಆಯ್ಕೆಗೆ ಗುರುತು ಹಾಕಬೇಕು.

ಸೇರಿಸಿದ ಚಿತ್ರ ಬರಹದ ಸಾಲಿನಲ್ಲೇ ಇರಲಿ. ತೇಲಲು ಬಿಟ್ಟರೆ ಮೇಲೆ ಎರಡು ಸಾಲು ಸೇರಿಸಿದ ಕೂಡಲೇ ಬೇರೆ ಪ್ರಶ್ನೆಯ ಪಕ್ಕಕ್ಕೆ ಹಾರುತ್ತದೆ. ಪಕ್ಕಪಕ್ಕದ ಗ್ರಾಫ್‌ಗಳಿಗೆ ಗೆರೆ ಕಾಣದ ಎರಡು ಕೋಶದ ಟೇಬಲ್ ಸಾಕು. ಚಿತ್ರದ ಒಂದು ಪಟ್ಟಿ ಮಾತ್ರ ಕಂಡು ಉಳಿದದ್ದು ಮಾಯವಾಗಿದ್ದರೆ ಫೈಲ್ ಕೆಟ್ಟಿಲ್ಲ: ಆ ಪ್ಯಾರಾದ ಸಾಲಿನ ಅಂತರ ಎಕ್ಸಾಕ್ಟ್ಲಿ ಎಂದಿರುತ್ತದೆ, ಸಿಂಗಲ್‌ಗೆ ಬದಲಿಸಿದರೆ ಪೂರ್ತಿ ಕಾಣುತ್ತದೆ. ಕೊನೆಗೆ ಒಂದು ಪುಟವನ್ನು 100 ಪ್ರತಿಶತದಲ್ಲಿ ಮುದ್ರಿಸಿ, ಅಕ್ಷದ ಮೇಲೆ ಸ್ಕೇಲ್ ಇಟ್ಟು ನೋಡಿ. ಒಂದು ಮಾನ 8 ಮಿ.ಮೀ.ಗಿಂತ ಕಡಿಮೆ ಬಂದರೆ ಪ್ರಿಂಟರಿನಲ್ಲಿ ಪುಟಕ್ಕೆ ಹೊಂದಿಸುವ ಆಯ್ಕೆ ಚಾಲೂ ಇದೆಯೇ ಎಂದು ಪರಿಶೀಲಿಸಿ.