ಸಿಟ್ಟು ಇಳಿಸುವುದು ಹೇಗೆ? ಮೊದಲು ಮೈ, ಆಮೇಲೆ ಮಾತು

ಸಿಟ್ಟು ಬಂದಾಗ ನಾವು ಸಾಮಾನ್ಯವಾಗಿ ಒಂದೋ ಕೂಗಾಡುತ್ತೇವೆ, ಇಲ್ಲವೇ ಹಲ್ಲು ಕಚ್ಚಿ ನುಂಗುತ್ತೇವೆ. ಎರಡರಿಂದಲೂ ಸಿಟ್ಟು ಕರಗುವುದಿಲ್ಲ. ‘ಎಲ್ಲ ಹೊರಗೆ ಹಾಕಿಬಿಡು, ಹಗುರಾಗುತ್ತೆ’ ಎನ್ನುವ ಸಲಹೆಯಂತೂ ತಪ್ಪೇ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿತ್ತು. 150ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2024ರ ವಿಶ್ಲೇಷಣೆಯೂ ಇದನ್ನೇ ಹೇಳಿತು: ಮೈಯ ಉದ್ವೇಗ ತಗ್ಗಿಸಿದರೆ ಸಿಟ್ಟು ತಗ್ಗುತ್ತದೆ, ಏರಿಸಿದರೆ ತಗ್ಗುವುದಿಲ್ಲ.

ಕಾರಣ ಸರಳ. ಅಪಾಯವೋ ಅವಮಾನವೋ ಕಂಡೊಡನೆ ಮಿದುಳಿನ ಅಮಿಗ್ಡಾಲ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಬಂದು ಎದೆಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಮೈ ಹೀಗೆ ಜಗಳಕ್ಕೆ ಸಜ್ಜಾಗಿರುವಾಗ ತೂಕದ ಮಾತು ಬರುವುದು ಕಷ್ಟ. ಆದ್ದರಿಂದ ಮೊದಲು ಮೈಯ ಉದ್ವೇಗ ಇಳಿಸಬೇಕು.

1. ಬೇಗ ಗುರುತಿಸಿ. ಸಿಟ್ಟಿಗೆ 0ಯಿಂದ 10ರವರೆಗೆ ಅಂಕ ಕೊಡಿ. ದವಡೆ ಬಿಗಿಯುವುದು, ಕಿವಿ ಬಿಸಿಯಾಗುವುದು, ಮಾತಿನ ವೇಗ ಹೆಚ್ಚುವುದು, ‘ಯಾವಾಗ್ಲೂ ಹೀಗೇ’ ಎಂಬ ಪದ ನಾಲಿಗೆಯ ತುದಿಗೆ ಬರುವುದು: ಹೆಚ್ಚಿನವರಲ್ಲಿ ಇವೆಲ್ಲ 4ರ ಆಸುಪಾಸಿನ ಲಕ್ಷಣಗಳು. ತಡೆಯಬೇಕಾದದ್ದು ಇಲ್ಲೇ. 8ಕ್ಕೆ ಹೋದ ಮೇಲೆ ಯಾವ ಉಪಾಯವೂ ನೆನಪಿಗೆ ಬರುವುದಿಲ್ಲ.

2. ಹೇಳಿ ಎದ್ದು ಹೋಗಿ. ‘ನನಗೀಗ ಸಿಟ್ಟು ಬಂದಿದೆ. ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಎಂದು ಹೇಳಿಯೇ ಹೊರಡಿ. ವಾಪಸು ಬರುವ ಹೊತ್ತನ್ನು ಹೇಳುವುದು ಬಹಳ ಮುಖ್ಯ. ಏನೂ ಹೇಳದೆ ಬಾಗಿಲು ಬಡಿದು ಹೋದರೆ ಎದುರಿನವರಿಗೆ ಅದೇ ಇನ್ನೊಂದು ಏಟು. ಬಿಡುವು 20 ನಿಮಿಷಕ್ಕಿಂತ ಕಡಿಮೆ ಬೇಡ, ಮೈ ಸಮಸ್ಥಿತಿಗೆ ಬರಲು ಅಷ್ಟಾದರೂ ಬೇಕು. ಹೇಳಿದ ಹೊತ್ತಿಗೆ ಮರಳಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಈ ಮಾತನ್ನು ಯಾರೂ ನಂಬುವುದಿಲ್ಲ.

3. ಉಸಿರು ನಿಧಾನಿಸಿ. ಮೂಗಿನಿಂದ 4 ಸೆಕೆಂಡ್ ಒಳಕ್ಕೆ, 6 ಸೆಕೆಂಡ್ ಹೊರಕ್ಕೆ. ಅಂದರೆ ನಿಮಿಷಕ್ಕೆ 6 ಉಸಿರು. ಹೀಗೆ 5 ನಿಮಿಷ. ಉಸಿರು ಹೊರಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ಎಂಬ ನರದ ಪ್ರಭಾವ ಹೆಚ್ಚಿ ಎದೆಬಡಿತ ನಿಧಾನವಾಗುತ್ತದೆ, ಅದಕ್ಕೇ ನಿಶ್ವಾಸ ಉದ್ದವಾಗಿರಬೇಕು. ಹಲವರು ಎಡವುವುದು ಇಲ್ಲಿ. ‘ದೀರ್ಘ ಉಸಿರು’ ಎಂದು ಬೇಗಬೇಗನೆ ಎದೆತುಂಬ ಎಳೆದುಕೊಳ್ಳುತ್ತಾರೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಹೆಚ್ಚು ಗಾಳಿ ಬೇಡ, ನಿಧಾನ ಸಾಕು. ಸಿಟ್ಟಿಲ್ಲದ ದಿನಗಳಲ್ಲೂ ಅಭ್ಯಾಸ ಮಾಡಿಕೊಂಡರಷ್ಟೇ ಬೇಕಾದಾಗ ಕೈಗೆ ಸಿಗುತ್ತದೆ.

4. ಮೆಲುಕು ನಿಲ್ಲಿಸಿ. ಬಿಡುವು ವ್ಯರ್ಥವಾಗುವುದು ಸಾಮಾನ್ಯವಾಗಿ ಇದರಿಂದಲೇ. ಹೊರಗೆ ಶಾಂತವಾಗಿ ಕುಳಿತು ಒಳಗೊಳಗೇ ‘ಅವರು ಹಾಗಂದರು, ನಾನು ಹೀಗನ್ನಬೇಕಿತ್ತು’ ಎಂದು ಜಗಳ ಮುಂದುವರಿಸಿದರೆ ಮೈಗೆ ಅದೂ ನಿಜವಾದ ಜಗಳವೇ. ಗಮನ ಬೇಡುವ ಕೆಲಸ ಹಿಡಿಯಿರಿ: ಬಟ್ಟೆ ಮಡಚಿ, ಪದಬಂಧ ಬಿಡಿಸಿ, 100ರಿಂದ ಏಳೇಳು ಕಳೆಯುತ್ತ ಬನ್ನಿ. ಮೊಬೈಲ್‌ನಲ್ಲಿ ಹಳೆಯ ಸಂದೇಶ ತೆಗೆದು ಓದುವುದು, ಉದ್ದುದ್ದ ಉತ್ತರ ಬರೆಯುವುದು ಖಂಡಿತ ಬೇಡ.

5. ಒಂದೇ ವಿಷಯ ಮಾತಾಡಿ. ಆದದ್ದು, ನಿಮಗನಿಸಿದ್ದು, ಬೇಕಾದದ್ದು. ಈ ಮೂರೇ ಇರಲಿ. ‘ನಿನಗೆ ಜವಾಬ್ದಾರಿಯೇ ಇಲ್ಲ’ ಎಂದರೆ ಎದುರಿನವರು ತಮ್ಮ ಸ್ವಭಾವವನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ‘ಏಳಕ್ಕೆ ಬರ್ತೀನಿ ಅಂದು ಒಂಬತ್ತಕ್ಕೆ ಬಂದೆ. ಕಾದು ಕಾದು ಗಾಬರಿಯಾಯ್ತು. ತಡವಾದರೆ ಒಂದು ಫೋನ್ ಮಾಡು’ ಎಂದರೆ ಉತ್ತರಿಸಲು ಅವರಿಗೆ ನಿರ್ದಿಷ್ಟ ವಿಷಯವೊಂದು ಸಿಗುತ್ತದೆ. ಹಳೆಯ ತಪ್ಪುಗಳ ಪಟ್ಟಿ ಬಿಚ್ಚಿದ ಕ್ಷಣ ಮಾತು ಮುರಿಯುತ್ತದೆ.

ಎರಡು ವಾರ ಸಣ್ಣ ದಿನಚರಿ ಇಡಿ: ಯಾವ ಹೊತ್ತು, ಯಾರೊಡನೆ, ಎಷ್ಟು ಅಂಕ, ಹಿಂದಿನ ರಾತ್ರಿ ಎಷ್ಟು ನಿದ್ದೆ, ಊಟ ಆಗಿತ್ತೇ. ನಿದ್ದೆಗೆಟ್ಟ ದಿನ, ಹಸಿದ ಹೊತ್ತು ಪದೇಪದೇ ಕಂಡರೆ ಮೊದಲು ಸರಿಪಡಿಸಬೇಕಾದದ್ದು ಅದನ್ನೇ. ಸಿಟ್ಟಿನ ಕೆಳಗೆ ಭಯ, ನೋವು ಅಡಗಿರುವುದೂ ಈ ಪುಟಗಳಲ್ಲಿ ಕಾಣಬಹುದು. ಸಿಟ್ಟೇ ನ್ಯಾಯವಾದದ್ದು, ಎದುರಿನವರು ಬದಲಾಗಬೇಕಾದದ್ದು ಎಂಬ ಸಂದರ್ಭಗಳೂ ಇವೆ. ಅಲ್ಲಿಯೂ ಇಳಿದ ದನಿಗೇ ಬಲ ಹೆಚ್ಚು.

ಕೈ ಎತ್ತುವುದು, ವಸ್ತು ಒಡೆಯುವುದು, ಕುಡಿದಾಗ ಕೆರಳುವುದು ಇದ್ದರೆ ಮನಶ್ಶಾಸ್ತ್ರಜ್ಞರನ್ನೋ ಮನೋವೈದ್ಯರನ್ನೋ ಕಾಣಲು ತಡಮಾಡಬೇಡಿ. ಇತ್ತೀಚೆಗೆ ಇದ್ದಕ್ಕಿದ್ದಂತೆ ಸಿಡುಕು ಹೆಚ್ಚಿದ್ದರೆ ಥೈರಾಯ್ಡ್ ತೊಂದರೆ, ಖಿನ್ನತೆ ಕಾರಣವಿರಬಹುದು, ಪರೀಕ್ಷಿಸಿಕೊಳ್ಳಿ. ಇನ್ನು, ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು ನೀವಾಗಿದ್ದರೆ ಈ ಹಂತಗಳು ನಿಮಗಲ್ಲ. ನೀವು ಮಾಡಬೇಕಾದ ಮೊದಲ ಕೆಲಸ ಸುರಕ್ಷಿತ ಜಾಗಕ್ಕೆ ಹೋಗುವುದು, ನಂಬಿಕಸ್ಥರೊಬ್ಬರಿಗೆ ವಿಷಯ ತಿಳಿಸುವುದು.