ಸ್ಪೀಡೋಮೀಟರ್ ಕೇಬಲ್: ಮೀಟರ್ ಕಡೆಯ ತುದಿಗೆ ಗ್ರೀಸ್ ಬೇಡ

ಅಂಬಾಸಿಡರ್, ಪದ್ಮಿನಿಯಂಥ ಹಳೆಯ ಕಾರಿಗೆ ಹೊಸ ಸ್ಪೀಡೋಮೀಟರ್ ಕೇಬಲ್ ಹಾಕುವಾಗ ಒಳಗಿನ ತಂತಿಗೆ ಗ್ರೀಸನ್ನು ತೆಳುವಾಗಿ ಸವರಿ, ಮೀಟರ್ ಕಡೆಯ ಸುಮಾರು 20 ಸೆಂಟಿಮೀಟರ್ ಭಾಗವನ್ನು ಮಾತ್ರ ಬಟ್ಟೆಯಿಂದ ಒರೆಸಿ ಒಣಗಿದಂತೆಯೇ ಬಿಡಿ. ಸುರುಳಿಯಾಗಿ ಸುತ್ತಿದ ಆ ತಂತಿ ತಿರುಗುವಾಗ ತಿರುಪಿನಂತೆ ಗ್ರೀಸನ್ನು ಮೇಲಕ್ಕೆ ಒಯ್ಯುತ್ತದೆ. ಅದು ಮೀಟರಿನೊಳಗೆ ಸೇರಿದರೆ ತಿರುಗುವ ಆಯಸ್ಕಾಂತಕ್ಕೂ ಮುಳ್ಳಿಗೆ ಜೋಡಿಸಿದ ಲೋಹದ ಬಟ್ಟಲಿಗೂ ನಡುವಿನ ಸಣ್ಣ ಸಂದು ಅಂಟಿಕೊಂಡು ಮುಳ್ಳು ಸುಳ್ಳು ವೇಗ ತೋರಿಸುತ್ತದೆ. ನಮ್ಮ ಬಳ್ಳಾರಿಯ ಬೇಸಿಗೆಯಲ್ಲಿ ಗ್ರೀಸ್ ಇನ್ನೂ ಬೇಗ ಸಡಿಲವಾಗುತ್ತದೆ. ಅದಕ್ಕೆ ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಬೆರೆತರೆ ತಂತಿಯನ್ನೇ ಸವೆಸುವ ಅರದಂತಾಗುತ್ತದೆ, ಆದ್ದರಿಂದ ಸವರಿದ ತಂತಿಯನ್ನು ನೆಲಕ್ಕೆ ತಾಗಿಸದೆ ಹಳೆಯ ಪತ್ರಿಕೆಯ ಮೇಲೆ ಇಟ್ಟುಕೊಳ್ಳಿ. ಕೇಬಲ್ಲನ್ನು ಎಲ್ಲಿಯೂ ಚೂಪಾಗಿ ಬಗ್ಗಿಸಬೇಡಿ; ಮುಳ್ಳು ಕುಣಿಯುವುದು ಬಹಳಷ್ಟು ಸಲ ಅದರಿಂದಲೇ. ಗೇರ್‌ಬಾಕ್ಸ್ ಕಡೆಯ ಸೀಲ್ ಹೋಗಿದ್ದರೆ ಈ ಉಪಾಯ ನಡೆಯುವುದಿಲ್ಲ, ಎಣ್ಣೆ ತಾನಾಗಿಯೇ ಮೇಲೇರುತ್ತದೆ. ಮೊದಲು ಸೀಲ್ ಬದಲಿಸಿ. ಕಿಲೋಮೀಟರ್ ಅಂಕಿಗಳು ಸರಿಯಾಗಿ ಓಡುತ್ತಿದ್ದು ಮುಳ್ಳು ಮಾತ್ರ ನಿಂತಿದ್ದರೆ ದಯವಿಟ್ಟು ಕೇಬಲ್ಲಿಗೆ ಹಣ ಸುರಿಯಬೇಡಿ, ದೋಷ ಮೀಟರಿನೊಳಗೇ ಇದೆ.